ಹೊಟ್ಟೆನೋವಿನ ಮದ್ದು

ಯರಗುಪ್ಪಿ
5 ಡಿಸೆಂಬರ್ 2024

ಚಿರಂಜೀವಿ ಹೇಮಂತನಿಗೆ ದೊಡ್ಡವ್ವನ ಆಶೀರ್ವಾದಗಳು.

ಇಷ್ಟು ವರ್ಷ ಶಾಲೆಯ ಮಕ್ಕಳಿಗೆ ಪತ್ರಲೇಖನ ಕಲಿಸುತ್ತ ಬಂದೆ. ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ, ರಜೆ ಕೋರಿ ಹೆಡ್‌ಮಾಸ್ತರರಿಗೆ ಪತ್ರ. ತಾಯಿ ತೀರಿದ ಮೇಲೆ ಎತ್ತಿ ಬೆಳೆಸಿದ ಮೈದುನನ ಮಗ ವ್ಯಸನಮುಕ್ತಿ ಕೇಂದ್ರದಲ್ಲಿದ್ದರೆ ಅವನಿಗೆ ಹೇಗೆ ಬರೆಯಬೇಕೆಂದು ಯಾವ ಪಾಠದಲ್ಲಿಯೂ ಇಲ್ಲ. ಅದಕ್ಕೆ ಮನಸ್ಸಿಗೆ ಬಂದಂತೆ ಬರೆಯುತ್ತಿದ್ದೇನೆ. ಅಲ್ಲಿ ಮೊಬೈಲು ಕೊಡುವುದಿಲ್ಲ, ಪತ್ರ ಮಾತ್ರ ಎಂದರಲ್ಲ, ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ‘ಹೂಂ, ಹೂಂ’ ಎಂದು ತೇಲಿಸಿಬಿಡುತ್ತೀಯ.

ನಿಮ್ಮಪ್ಪ ನಿನ್ನ ಹೆಸರು ಎತ್ತುವುದಿಲ್ಲ. ಗೊಬ್ಬರದಂಗಡಿಗೆ ಬಂದವರು ಕೇಳಿದರೆ "ಪುಣೇಕ ಹೋಗ್ಯಾನ್ರಿ, ಕೋಚಿಂಗಿಗೆ" ಎನ್ನುತ್ತಾನೆ. ಮೊನ್ನೆ ಬಾಡಿಗೆ ಜೀಪಿನ ಬಾಬಾಸಾಬ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, "ಮಡಿವಾಳೆಪ್ಪಾ, ಪುಣೇದಾಗ ಯಾವ ಕಡಿ? ನಮ್ಮ ಅಳಿಯಾನೂ ಅಲ್ಲೇ ಅದಾನ, ಭೇಟಿ ಆಗ್ಲಿ" ಎಂದ. ನಿಮ್ಮಪ್ಪ ಯೂರಿಯಾ ಚೀಲ ನೋಡುವ ನೆಪದಲ್ಲಿ ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ನನಗೆ ನಗು ಬಂತು, ಆಮೇಲೆ ಅಳು ಬಂತು.

ನಿನ್ನ ಜೊತೆ ಕೊಟ್ಟಿದ್ದ ಕಡ್ಲಿ ಹುಳಿಯ ಬಾಟಲಿಯನ್ನು ಆ ಕೇಂದ್ರದವರು ಗೇಟಿನಲ್ಲೇ ಇಟ್ಟುಕೊಂಡರಂತೆ. ಅವರಿಗೇನು ಗೊತ್ತು ಅದರ ಬೆಲೆ! ಹೂಬಿಟ್ಟ ಕಡಲೆಯ ಮೇಲೆ ಮಡಿ ಧೋತರ ಹಾಸಿ, ಬೆಳಗಿನ ಮಂಜಿನಲ್ಲಿ ನೆನೆದದ್ದನ್ನು ಹಿಂಡಿ ಬಾಟಲಿ ತುಂಬಿದ್ದು ನಾನು. ಎಂಥ ಹೊಟ್ಟೆನೋವಿದ್ದರೂ ಒಂದು ಚಮಚಕ್ಕೆ ನಿಲ್ಲಬೇಕು. ಹೋದ ವರ್ಷವೆಲ್ಲ ನಿನ್ನ ಹೊಟ್ಟೆನೋವಿಗೆ ಅದನ್ನೇ ಕೊಟ್ಟೆನಲ್ಲ. ಆ ನೋವು ತಾಳಲಾರದೆ ತಾನೇ ನೀನು ಆ ನೋವಿನ ಗುಳಿಗೆಗಳ ಬೆನ್ನು ಹತ್ತಿದ್ದು? ನಾನು ಇನ್ನಷ್ಟು ಕಾಳಜಿ ಮಾಡಿದ್ದರೆ ನೀನು ಹೊರಗಿನ ಗುಳಿಗೆಗೆ ಕೈಯೊಡ್ಡುತ್ತಿರಲಿಲ್ಲ ಎಂದು ಮನಸ್ಸು ಕೊರೆಯುತ್ತದೆ. ಹೊಟ್ಟೆ ಈಗ ಹೇಗಿದೆ, ಮೊದಲು ಅದನ್ನು ಬರೆ.

ಐಶ್ವರ್ಯ ಹುಬ್ಬಳ್ಳಿಯ ನಿನ್ನ ಕಾಲೇಜಿಗೇ ಅದೇ ಮುಂಜಾನೆಯ ಬಸ್ಸಿಗೆ ಹೋಗುತ್ತಾಳೆ. "ಅಣ್ಣಾ ಇಲ್ಲ, ಸೀಟು ಹಿಡಿಯವ್ರಿಲ್ಲ" ಎಂದು ಗೊಣಗುತ್ತಾಳೆ. ತಂದೆಯಿಲ್ಲದ ಹುಡುಗಿಯಾದರೂ ಅವಳ ಚಿಂತೆ ನನಗಿಲ್ಲ. ಹೆತ್ತ ಮಗಳೆಂದು ಹೊಗಳುತ್ತಿಲ್ಲ, ಅವಳು ಹಾಕಿದ ಗೆರೆ ದಾಟುವವಳಲ್ಲ.

ದೊಡ್ಡವ್ವ ಗೌರಕ್ಕ


ವ್ಯಸನಮುಕ್ತಿ ಕೇಂದ್ರ, ವಿಜಯಪುರ ಹತ್ತಿರ
12 ಡಿಸೆಂಬರ್ 2024

ದೊಡ್ಡವ್ವಗೆ ಹೇಮಂತನ ನಮಸ್ಕಾರ.

ನಿನ್ನ ಪತ್ರ ಮುಟ್ಟಿತು. ಓದಿದೆ, ಮತ್ತೆ ಓದಿದೆ. ಇಲ್ಲಿ ಎಲ್ಲರಿಗೂ ಒಬ್ಬರಲ್ಲ ಒಬ್ಬರು ಬರೆಯುತ್ತಾರೆ, ನನಗೆ ನೀನೊಬ್ಬಳೇ. ನನ್ನ ಪಕ್ಕದ ಮಂಚದವನು ಬೀರೇಶ, ನವಲಗುಂದ ಕಡೆಯವನು. "ನಿಮ್ಮ ದೊಡ್ಡವ್ವನ ಪತ್ರ ಬರೋದು ನಿಂತ್ರ ನೀ ಗ್ವಾಡಿ ಜಿಗಿತಿ ನೋಡಲೇ" ಎಂದು ಕಾಡಿಸುತ್ತಾನೆ. ಚೇಷ್ಟೆಗೆ ಹೇಳುತ್ತಾನೆ, ಆದರೆ ಖರೆ. ಆ ಗೋಡೆ ಅಷ್ಟೇನೂ ಎತ್ತರವಿಲ್ಲ.

ಬೆಳಿಗ್ಗೆ ವ್ಯಾಯಾಮ, ಆಮೇಲೆ ಮಲ್ಲಿಕಾ ಮೇಡಂ ಅವರ ತರಗತಿ. ಅವರು ಇಲ್ಲಿನ ಆಪ್ತಸಮಾಲೋಚಕರು. ಸಿಟ್ಟು ಮಾಡುವುದಿಲ್ಲ, ಅದೇ ಕಷ್ಟ. ಸಿಟ್ಟು ಮಾಡಿದರೆ ನಾವೂ ತಿರುಗಿ ಮಾತಾಡಬಹುದಿತ್ತು.

ಹೊಟ್ಟೆ ಈಗ ಆರಾಮ. ನೀನು ಬರೆದಂತೆ ಎಲ್ಲವೂ ಆ ನೋವಿನಿಂದಲೇ ಶುರುವಾಯಿತು. ನಿನ್ನ ಹುಳಿಯಿಂದ ಆಗ ಎಷ್ಟೋ ಅನುಕೂಲವಾಗುತ್ತಿತ್ತು. ನೀನು ಕೊರಗಬೇಡ.

ಅಪ್ಪ ಕೇಳಿದರೆ ನಾನು ಚೆನ್ನಾಗಿದ್ದೇನೆಂದು ಹೇಳು. ಕೇಳದಿದ್ದರೆ ಬೇಡ.

ನಿನ್ನ ಹೇಮಂತ


ಯರಗುಪ್ಪಿ
20 ಡಿಸೆಂಬರ್ 2024

ಚಿ. ಹೇಮಂತನಿಗೆ ಆಶೀರ್ವಾದಗಳು.

ಹುಳಿಯಿಂದ ಅನುಕೂಲವಾಗುತ್ತಿತ್ತು ಎಂದು ಬರೆದೆಯಲ್ಲ, ಆ ಸಾಲನ್ನು ನಿಮ್ಮಪ್ಪನಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. ಎದ್ದು ಹೋಗಲಿಲ್ಲ.

ಈಗ ನಿನ್ನ ಕಾಯಿಲೆ ನಿನ್ನ ತಂಗಿಗೆ ಬಂದಿದೆ! ಗಾಬರಿಯಾಗಬೇಡ, ಹೊಟ್ಟೆನೋವಿನ ಮಾತು. ನಮ್ಮ ಮನೆತನದ ಹೊಟ್ಟೆಯೇ ಇಷ್ಟು ಎಂದು ಕಾಣುತ್ತದೆ. ಕಾಲೇಜು ಇದ್ದಾಗ ಆರಾಮಾಗಿರುತ್ತಾಳೆ. ರವಿವಾರ ಬಂತೋ, ಮಧ್ಯಾಹ್ನದಿಂದ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಾಳೆ. ವಾಂತಿ. ಈ ಚಳಿಯಲ್ಲಿ ಬೆವರು, ಅದರ ಮೇಲೆ ಮೈಯೆಲ್ಲ ಮುಳ್ಳು. ಕಾಲು ಒಂದು ಕಡೆ ಇಡಲೊಲ್ಲಳು, ಹಾಸಿಗೆ ಒದೆಯುತ್ತಾಳೆ. ಹೋದ ವರ್ಷ ನೀನು ಹೀಗೆಯೇ ಮಾಡುತ್ತಿದ್ದೆ, ನೆನಪಿದೆಯಾ? ಸೋಮವಾರ ಬೆಳಗಾದರೆ "ಬಸ್ ತಪ್ಪತೈತಿ ಅವ್ವಾ" ಎಂದು ಎಲ್ಲರಿಗಿಂತ ಮೊದಲು ಹೊರಡುತ್ತಾಳೆ. ಓದುವ ಹುಚ್ಚು ಎಂದರೆ ಇದು. ನಿನಗೆ ಅದರಲ್ಲಿ ಅರ್ಧ ಇದ್ದಿದ್ದರೆ!

ನಾನು ಹುಳಿ ಕೊಡುತ್ತಿದ್ದೇನೆ. ಈ ಸಲ ಕಡಲೆ ಹುಲುಸಾಗಿದೆ, ಹೊಸ ಹುಳಿಯನ್ನೂ ಹಿಂಡಿ ಇಟ್ಟಿದ್ದೇನೆ. ನೀನು ಬರುವ ಹೊತ್ತಿಗೆ ಪೂರ್ತಿ ಗುಣವಾಗಿರುತ್ತಾಳೆ.

ಗೌರಕ್ಕ


26 ಡಿಸೆಂಬರ್ 2024

ದೊಡ್ಡವ್ವಗೆ ನಮಸ್ಕಾರ.

ನಿನ್ನ ಪತ್ರ ಓದಿದಾಗಿನಿಂದ ಊಟ ಸೇರುತ್ತಿಲ್ಲ. ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡ. ಐಶ್ವರ್ಯಳಿಗೆ ಹುಳಿ ಕೊಡುವುದನ್ನು ನಿಲ್ಲಿಸು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಒಳ್ಳೆಯ ಲೇಡಿ ಡಾಕ್ಟರಿಗೆ ತೋರಿಸು. ಅಪ್ಪನಿಗೆ ಹೇಳಬೇಡ, ನೀವಿಬ್ಬರೇ ಹೋಗಿರಿ. ಅವಳನ್ನು ಬಾಗಿಲು ಹಾಕಿಕೊಂಡು, ಬೈಯದೆ, ನಿಧಾನವಾಗಿ ಕೇಳು. ಅವಳು ಏನೇ ಹೇಳಿದರೂ ಕಾಲೇಜು ಬಿಡಿಸಬೇಡ, ಮದುವೆ ಅದು ಇದು ಎಂದು ಅವಸರ ಮಾಡಬೇಡ. ಅವಳ ತಪ್ಪು ಎಂದು ತಿಳಿಯಬೇಡ.

ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಆಗುತ್ತಿಲ್ಲ. ನನ್ನ ಅನುಮಾನ ಸುಳ್ಳಾಗಲಿ.

ಹೇಮಂತ


ಯರಗುಪ್ಪಿ
2 ಜನವರಿ 2025

ಹೇಮಂತನಿಗೆ,

ಆಶೀರ್ವಾದ ಬರೆಯಲು ಕೈ ಬರಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ.

ವಾಂತಿ ಮಾಡಿಕೊಳ್ಳುವ ಹುಡುಗಿ, ಲೇಡಿ ಡಾಕ್ಟರು, ಬಾಗಿಲು ಹಾಕಿ ಕೇಳು, ಅಪ್ಪನಿಗೆ ಹೇಳಬೇಡ, ಮದುವೆಯ ಅವಸರ ಮಾಡಬೇಡ. ನೀನು ಏನು ಹೇಳುತ್ತಿದ್ದೀಯೆಂದು ತಿಳಿಯದಷ್ಟು ದಡ್ಡಳಲ್ಲ ನಾನು. ತಾ ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ಅದು ಸುಳ್ಳಲ್ಲ. ನೀನು ಕೆಟ್ಟಿದ್ದೀಯೆಂದು ನಿನ್ನ ತಂಗಿಯನ್ನೂ ಆ ಸಾಲಿನಲ್ಲಿ ಕೂಡಿಸುತ್ತೀಯಾ?

ಆದರೂ ತಾಯಿಯ ಜೀವ, ತಡೆಯಲಿಲ್ಲ. ಡಾಕ್ಟರರ ಬಳಿ ಹೋಗಿ ಇಡೀ ಊರಿಗೆ ಸುದ್ದಿ ಹಂಚುವಷ್ಟು ಹುಚ್ಚಿ ನಾನಲ್ಲ. ದೇವರ ಮನೆಯಲ್ಲಿ ಕೂರಿಸಿ, ಲಿಂಗದ ಮೇಲೆ ಕೈ ಇಡಿಸಿ ಕೇಳಿದೆ: "ಯಾವ ಗಂಡ್ಸಿನ ಸುದ್ದಿಗೂ ಹೋಗಿಲ್ಲ ಅಂತ ಆಣಿ ಮಾಡು." ಅವಳು ನನ್ನ ಮುಖ ನೋಡಿದಳು, ಹೇಮಂತ. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. "ಇಲ್ಲವ್ವಾ" ಎಂದು ಆಣೆ ಮಾಡಿದಳು. ಮುಂದೆ ಏನೋ ಹೇಳಲು ಬಾಯಿ ತೆರೆದಳು. "ಸಾಕು, ನನಗ ಇಷ್ಟ ಬೇಕಾಗಿತ್ತು" ಎಂದು ಎಬ್ಬಿಸಿದೆ. ಆಮೇಲೆ ಅಡುಗೆಮನೆಯಲ್ಲಿ ಕುಳಿತು ಅತ್ತೆ. ಹಡೆದ ಮಗಳನ್ನು ಅನುಮಾನಿಸುವ ಹಾಗೆ ಮಾಡಿದವನು ನೀನು.

ಮೈ ಸರಿಯಾಗುವವರೆಗೆ ಕಾಲೇಜು ಬೇಡ ಎಂದು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಮೊಬೈಲನ್ನೂ ತೆಗೆದಿಟ್ಟಿದ್ದೇನೆ. ಹುಳಿ ನಿಲ್ಲಿಸು ಎಂದೆಯಲ್ಲ, ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ನಿಮಗೆ.

ಗೌರಕ್ಕ


8 ಜನವರಿ 2025

ದೊಡ್ಡವ್ವಾ,

ನನ್ನ ಮಾತಿನ ಅರ್ಥ ಅದಲ್ಲ. ಆಣೆ ಮಾಡಿ ಹೇಳುತ್ತೇನೆ, ಅದಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ತಪ್ಪಾಯಿತು.

ಈ ಪತ್ರವನ್ನು ಎಷ್ಟೋ ಸಲ ಬರೆದು ಹರಿದೆ. ಬರೆದರೆ ನೀನು ಇನ್ನು ನನಗೆ ಬರೆಯುವುದಿಲ್ಲ ಎಂಬ ಹೆದರಿಕೆ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಮಾತ್ರ ಉತ್ತರ ಕೊಡು. ಮನೆಯಲ್ಲಿ ಇಟ್ಟುಕೊಂಡ ಮೇಲೆ ಅವಳಿಗೆ ಹೊಟ್ಟೆನೋವಿನ ಜೊತೆ ಮೇಲಿಂದ ಮೇಲೆ ಆಕಳಿಕೆ ಬರುತ್ತಿತ್ತೇ? ನೆಗಡಿ ಇಲ್ಲದೆ ಕಣ್ಣು, ಮೂಗು ಸೋರುತ್ತಿದ್ದವೇ?

ಬೇಗ ಬರೆ. ಬೈದಾದರೂ ಬರೆ.

ಹೇಮಂತ


ಯರಗುಪ್ಪಿ
15 ಜನವರಿ 2025

ಚಿ. ಹೇಮಂತನಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನೆ ಸಂಕ್ರಮಣ. ಹಬ್ಬದ ದಿನ ಸಿಟ್ಟು ಇಟ್ಟುಕೊಳ್ಳಬಾರದು, ಹೋಗಲಿ ಬಿಡು. ಈ ಲಕೋಟೆಯಲ್ಲಿ ಕುಸುರೆಳ್ಳು ಇದೆ. ಗೇಟಿನಲ್ಲಿ ಅದನ್ನೂ ಇಟ್ಟುಕೊಂಡರೆ ಅವರ ಬಾಯಾದರೂ ಸಿಹಿಯಾಗಲಿ.

ಅಲ್ಲೇ ಕುಳಿತು ಡಾಕ್ಟರಿಕೆ ಕಲಿತೆಯೇನೋ! ಹೌದು, ಆಕಳಿಸಿ ಆಕಳಿಸಿ ದವಡೆ ನೋಯುತ್ತದೆ ಎನ್ನುತ್ತಿದ್ದಳು. ಮೂಗು, ಕಣ್ಣು ಹರಿಯುತ್ತಿದ್ದವು. ಮೊದಲ ಮೂರು ನಾಲ್ಕು ದಿನ ಬಹಳ ಕಷ್ಟಪಟ್ಟಳು. "ಅವ್ವಾ, ಒಂದ ಸಲ ಕಾಲೇಜಿಗೆ ಹೋಗಿ ಬರ್ತೀನಿ, ಒಂದ ತಾಸು" ಎಂದು ಕೈ ಮುಗಿದಳು. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಪಾಠದ ಚಿಂತೆ! ನಾನು ಬಿಡಲಿಲ್ಲ. ಹುಳಿ ಬಿಟ್ಟರೆ ಬೇರೆ ಮದ್ದು ಕೊಡಲಿಲ್ಲ. ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಈಗ ನೋಡು, ನೋವಿಲ್ಲ, ಬೆವರಿಲ್ಲ. ನಿನ್ನೆ ಸಜ್ಜಿ ರೊಟ್ಟಿಯನ್ನು ಬೇಡಿ ಬೇಡಿ ಉಂಡಳು. ನಿಮ್ಮ ದೊಡ್ಡ ಡಾಕ್ಟರುಗಳಿಗೆ ಹೇಳು, ಯರಗುಪ್ಪಿಯ ಗೌರಕ್ಕ ಗುಣ ಮಾಡಿದಳೆಂದು.

ಬರುವ ಸೋಮವಾರ, 20ಕ್ಕೆ, ಮತ್ತೆ ಕಾಲೇಜಿಗೆ ಕಳಿಸುತ್ತಿದ್ದೇನೆ. ಆ ಸುದ್ದಿ ಕೇಳಿದಾಗಿನಿಂದ ಮುಖದ ಕಳೆಯೇ ಬೇರೆಯಾಗಿದೆ.

ಗೌರಕ್ಕ


20 ಜನವರಿ 2025, ಸೋಮವಾರ

ದೊಡ್ಡವ್ವಾ,

ನಿನ್ನ ಪತ್ರ ಇವತ್ತು ಹನ್ನೊಂದಕ್ಕೆ ಕೈಗೆ ಬಂತು. ಸೋಮವಾರ ಎಂಬಲ್ಲಿಗೆ ಬಂದವನು ಮುಂದೆ ಓದದೆ ಮಲ್ಲಿಕಾ ಮೇಡಂ ಕೋಣೆಗೆ ಓಡಿದೆ. ಅವರು ನಿನಗೆ ಫೋನು ಹಚ್ಚಿಕೊಟ್ಟರು. ನೀನು ತರಗತಿಯಲ್ಲಿರುವ ಹೊತ್ತು, ಮೊಬೈಲು ಬಂದ್. ಐಶ್ವರ್ಯಳ ಮೊಬೈಲು ನಿನ್ನ ಕಪಾಟಿನಲ್ಲಿ. ಉಳಿದವನು ಅಪ್ಪ.

ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡಿದ. ಮತ್ತೆ ಹಚ್ಚಿದೆ. "ಯಾಕ? ಓಡಿ ಬರಾಂವ ಏನು?" ಎಂದ.

"ಅಪ್ಪಾ, ಐಶ್ವರ್ಯ ಎಲ್ಲಿ?"

"ಕಾಲೇಜಿಗೆ ಹೋಗ್ಯಾಳ. ನಿನಗ್ಯಾಕ ಅದು?"

"ಆಕಿನೂ ನಾ ತಿಂತಿದ್ದ ಗುಳಗೀನ ತಿಂತಾಳ. ಇಷ್ಟ ದಿನಾ ಬಿಟ್ಟು ಇವತ್ತ ಮೊದಲಿನಷ್ಟ ತಿಂದ್ಲಂದ್ರ ಉಸಿರು ನಿಂತ ಹೋಗತೈತಿ. ಈಗಿಂದೀಗ ಹುಬ್ಬಳ್ಳಿಗೆ ಹೋಗು. ಗೊರಕಿ ಹೊಡ್ಯಾಕತ್ತಿದ್ರ ನಿದ್ದಿ ಅಂತ ಬಿಡಬ್ಯಾಡ, ದವಾಖಾನಿಗೆ ಒಯ್ಯಿ."

ಅಪ್ಪ, "ಸುಳ್ಳಾಗಿರಲಿ, ನೋಡ್ಕೋತೀನಿ ನಿನ್ನ" ಎಂದು ಇಟ್ಟುಬಿಟ್ಟ. ಹೋದನೋ, ಅಂಗಡಿಯಲ್ಲೇ ಕುಳಿತನೋ ನನಗೆ ಗೊತ್ತಿಲ್ಲ. ನಾನು ಹೇಳಿದ ಯಾವ ಮಾತನ್ನು ಅವನು ಈ ಎರಡು ವರ್ಷದಲ್ಲಿ ನಂಬಿದ್ದಾನೆ? ನಂಬುವಂಥದ್ದನ್ನು ನಾನಾದರೂ ಯಾವಾಗ ಹೇಳಿದ್ದೇನೆ?

ಮೇಡಂ ಕಾಲೇಜಿಗೂ ಫೋನು ಮಾಡುತ್ತಿದ್ದಾರೆ. ಎಂಗೇಜ್ ಬರುತ್ತಿದೆ. ಕೈಕಟ್ಟಿ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ದೊಡ್ಡವ್ವಾ, ನೀನು ಪರಿಣಾಮವನ್ನು ಕಾರಣವೆಂದುಕೊಂಡೆ. ಹೊಟ್ಟೆನೋವಿಗೆ ನಾನು ಗುಳಿಗೆ ನುಂಗಿದವನಲ್ಲ. ಗುಳಿಗೆ ಸಿಗದ ದಿನ ಹೊಟ್ಟೆ ನೋಯುತ್ತಿತ್ತು. ರವಿವಾರ ಕಾಲೇಜಿಲ್ಲ, ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿ ಇಲ್ಲ, ಗುಳಿಗೆ ಇಲ್ಲ. ವಾಂತಿ, ಬೆವರು, ಮೈಮುಳ್ಳು, ಆಕಳಿಕೆ ಎಲ್ಲ ಅದಕ್ಕೇ. ನೀನು ಚಮಚ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ನಾನು ನುಂಗಿ ‘ಈಗ ಆರಾಮ ಅನ್ನಿಸತೈತಿ’ ಎನ್ನುತ್ತಿದ್ದೆ. ಇಲ್ಲಿಗೆ ಬಂದ ಮೇಲೆಯೂ ನೀನು ತಿಳಿದುಕೊಂಡದ್ದೇ ಸರಿ ಎಂದು ಬರೆದೆ. ನಿನಗೆ ನೋವಾಗಬಾರದು ಎಂದುಕೊಂಡೆ. ಅದೂ ಸುಳ್ಳು. ನಿನ್ನ ಕಣ್ಣಿನಲ್ಲಿ ನಾನು ರೋಗಿಯಾಗಿ ಉಳಿಯುತ್ತಿದ್ದೆ, ಅದು ನನಗೆ ಹಿತವಾಗಿತ್ತು. ಡಿಸೆಂಬರಿನಲ್ಲೇ ನಾಲ್ಕು ಸಾಲು ಖರೆ ಬರೆದಿದ್ದರೆ ನೀನು ಮೊದಲ ರವಿವಾರವೇ ಅವಳನ್ನು ಗುರುತಿಸುತ್ತಿದ್ದೆ.

ಬೀರೇಶನ ಗೆಳೆಯನೊಬ್ಬ ಹೀಗೆಯೇ ಗುಣವಾಗಿ ಮನೆಗೆ ಹೋದ. ಹೋದ ದಿನವೇ ಹಳೆಯ ಲೆಕ್ಕದಲ್ಲಿ ತಿಂದ. ಮನೆಯವರು ದಣಿದು ಮಲಗಿದ್ದಾನೆಂದು ಹೊದಿಕೆ ಹೊದಿಸಿದರಂತೆ.

ನೀನು ಕೇಳುವ ಮೊದಲೇ ಹೇಳುತ್ತೇನೆ, ಅವಳಿಗೆ ಕೊಟ್ಟವನು ನಾನಲ್ಲ. ಅವಳು ತಿನ್ನುತ್ತಿದ್ದುದು ನಿನ್ನ ಪತ್ರದಿಂದಲೇ ನನಗೆ ತಿಳಿದದ್ದು. ನೀನು ನಂಬದಿದ್ದರೆ ಅದಕ್ಕೂ ನಾನೇ ಕಾರಣ.

ಹೇಮಂತ


27 ಜನವರಿ 2025

ದೊಡ್ಡವ್ವಾ,

ಅವತ್ತು ಸಂಜೆ ಮೇಡಂ ಅಪ್ಪನಿಗೆ ಫೋನು ಮಾಡಿದರು. "ದವಾಖಾನ್ಯಾಗ ಅದೀವ್ರಿ. ಆಮ್ಯಾಲ ಮಾತಾಡ್ತೀನಿ" ಎಂದವನು ಆಮೇಲೆ ಎತ್ತಲಿಲ್ಲ. ನೀನು ಎತ್ತುತ್ತೀಯ, ಇಲ್ಲಿಯ ದನಿ ಕೇಳಿ ಇಡುತ್ತೀಯ.

ಅವಳು ಇದ್ದಾಳೋ ಇಲ್ಲವೋ ಅಷ್ಟು ಬರೆ. ಒಂದು ಕಾರ್ಡು ಸಾಕು. ನಿನ್ನೆ ಗೋಡೆಯ ಹತ್ತಿರ ಹೋಗಿ ನಿಂತಿದ್ದೆ. ಬೀರೇಶ ಬಂದು ತೋಳು ಹಿಡಿದು ಕರೆದುಕೊಂಡು ಬಂದ.

ಹೇಮಂತ


ಯರಗುಪ್ಪಿ
2 ಫೆಬ್ರವರಿ 2025

ಹೇಮಂತನಿಗೆ ದೊಡ್ಡವ್ವನ ಆಶೀರ್ವಾದಗಳು.

ಇದ್ದಾಳೆ. ಮೊದಲು ಅದನ್ನೇ ಓದಿಕೋ. ಐಶ್ವರ್ಯ ಇದ್ದಾಳೆ.

ಇಷ್ಟು ದಿನ ಈ ಒಂದು ಮಾತನ್ನು ನಿನಗೆ ತಿಳಿಸದೆ ಉಳಿದೆನಲ್ಲ, ಅದು ಬೇಕೆಂದೇ ಮಾಡಿದ್ದು. ನಿನಗೂ ಸ್ವಲ್ಪ ಉರಿಯಲಿ ಎಂದು. ನೀನೇ ಕೊಟ್ಟಿದ್ದೀ, ಈಗ ಸಾಧುವಿನ ಮಾತಾಡುತ್ತೀ ಎಂದುಕೊಂಡಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನಿನಗೆ ಹಾಕಿದ ಶಾಪ ಒಂದೆರಡಲ್ಲ. ಅವು ಯಾವುವೂ ನಿನಗೆ ತಟ್ಟದಿರಲಿ ಎಂದು ಈಗ ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮಪ್ಪ ಅವತ್ತು ಅಂಗಡಿಯ ಶಟರು ಕೂಡ ಎಳೆಯಲಿಲ್ಲವಂತೆ. ಬಾಬಾಸಾಬನ ಜೀಪು ಹತ್ತಿ, "ಹುಬ್ಬಳ್ಳಿಗೆ ನಡಿ, ಯಾಕ ಅಂತ ಕೇಳಬ್ಯಾಡ" ಎಂದನಂತೆ. ಕಾಲೇಜಿನಲ್ಲಿ ತರಗತಿ ತರಗತಿ ಹುಡುಕಿದ್ದಾನೆ. ಕಡೆಗೆ ಕಸ ಹೊಡೆಯುವ ಸಣ್ಣವ್ವ ಎಂಬಾಕೆ ಹುಡುಗಿಯರ ಕೋಣೆಯ ಬಾಗಿಲಲ್ಲಿ ತಡೆದಳಂತೆ. "ಗಂಡಸ್ರು ಒಳಗ ಬರಬಾರ್ದ್ರಿ. ಆ ಹುಡುಗಿ ಮೈಯಾಗ ಆರಾಮಿಲ್ಲ ಅಂತ ಮಲಗೈತಿ. ಗೊರಕಿ ಹೊಡ್ಯಾಕತ್ತೈತಿ, ಎಬ್ಬಸಬ್ಯಾಡ್ರಿ."

ಗೊರಕೆ ಎಂಬ ಮಾತು ಕೇಳಿದ್ದೇ ತಡ, ನಿಮ್ಮಪ್ಪ ಆಕೆಯನ್ನು ಸರಿಸಿ ಒಳಗೆ ನುಗ್ಗಿದ್ದಾನೆ. ತುಟಿ ನೀಲಿಗಟ್ಟಿತ್ತಂತೆ. ಕರೆದರೆ ಏಳಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಓಡಿದ.

ದೊಡ್ಡ ದವಾಖಾನೆಯಲ್ಲಿ ಡಾಕ್ಟರು, "ಏನು ತಗೊಂಡಾಳ್ರಿ? ಗೊತ್ತಿದ್ರ ಲಗೂನ ಹೇಳ್ರಿ" ಎಂದು ಕೇಳಿದರಂತೆ. ಸುತ್ತ ಕಾಲೇಜಿನ ಮಾಸ್ತರರು, ಬಾಬಾಸಾಬ, ನಮ್ಮೂರ ಕಡೆಯ ಇನ್ನೂ ಇಬ್ಬರು. ಅವರೆಲ್ಲರ ಮುಂದೆ ನಿಮ್ಮಪ್ಪ ಗುಳಿಗೆಯ ಹೆಸರು ಹೇಳಿದ. "ನಿಮಗ್ಹೆಂಗ ಗೊತ್ತು?" ಎಂದರಂತೆ. "ನನ್ನ ಮಗಾ ಹೇಳ್ಯಾನ್ರಿ. ಅಂವಾ ಪುಣೇದಾಗ ಇಲ್ಲ. ವ್ಯಸನಮುಕ್ತಿ ಕೇಂದ್ರದಾಗ ಅದಾನ. ಅಂವಾ ಹೇಳಿದ್ದು ಖರೇ ಇರತೈತ್ರಿ, ಬರಕೋರಿ." ಇದನ್ನು ನನಗೆ ಹೇಳಿದವನು ಬಾಬಾಸಾಬ.

ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಇನ್ನರ್ಧ ತಾಸು ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರು. ಎಚ್ಚರವಾಗಿ ಮನೆಗೆ ಬಂದ ಮೇಲೆ ಅವಳು ಎಲ್ಲ ಹೇಳಿದಳು. ಜುಲೈ ತಿಂಗಳಲ್ಲಿ ಮುಟ್ಟಿನ ನೋವು ತಡೆಯಲಾರದೆ ಅಳುತ್ತಿದ್ದಾಗ ಜೊತೆಯ ಹುಡುಗಿ ಶಿವಾನಿ ಅರ್ಧ ಗುಳಿಗೆ ಕೊಟ್ಟಳಂತೆ. ಆ ಹುಡುಗಿಗೂ ಯಾರೋ ಹಾಗೆಯೇ ಕೊಟ್ಟದ್ದು. ನೋವು ಹೋಯಿತು, ಮನಸ್ಸೂ ಹಗುರಾಯಿತು, ಆಮೇಲೆ ಬಿಡಲು ಆಗಲಿಲ್ಲ. ನಿನಗೆ ಹೇಳಬೇಕೆಂದುಕೊಂಡಳಂತೆ. ಅಷ್ಟರಲ್ಲಿ ನೀನು ಸಿಕ್ಕಿಬಿದ್ದೆ, ಮನೆಯಲ್ಲಿ ನಡೆದದ್ದೆಲ್ಲ ನೋಡಿ ಬಾಯಿ ಮುಚ್ಚಿಕೊಂಡಳು.

"ನನಗರ ಹೇಳಬಾರದಿತ್ತೇನ?" ಎಂದು ನಾನು ಕೂಗಾಡಿದೆ. ಅವಳು ಕೂಗಾಡಲಿಲ್ಲ. "ನೀ ಔಷಧ ಕೊಟ್ಟಿ. ಆಣಿ ಮಾಡಿಸಿದಿ. ಏನಾಗೇತಿ ಅಂತ ಒಂದ ಸಲಾನೂ ಕೇಳಲಿಲ್ಲವ್ವಾ" ಎಂದಳು.

ಜೀವನವೆಲ್ಲ ಪ್ರಶ್ನೆ ಕೇಳುವುದೇ ನನ್ನ ಉದ್ಯೋಗ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಕೇಳುತ್ತ ಬಂದೆ ಎಂದು ಅವತ್ತು ತಿಳಿಯಿತು. ನಾಚಿಕೆಯಾಯಿತು ಹೇಮಂತ, ಬಹಳ ನಾಚಿಕೆಯಾಯಿತು.

ನೆಂಟರು ಸುದ್ದಿ ತಿಳಿದು ಬಂದಿದ್ದರು. "ಲಗೂನ ಒಂದ ವರಾ ನೋಡಿ ಹೊರಿ ಇಳಿಸಿಕೋರಿ" ಎಂದರು. ಚಹಾ ಕೊಟ್ಟು ಕಳಿಸಿದೆ. ಧಾರವಾಡದ ಮನೋವೈದ್ಯರ ಹತ್ತಿರ ಪ್ರತಿ ವಾರ ಕರೆದುಕೊಂಡು ಹೋಗುತ್ತಿದ್ದೇನೆ. ಕಾಲೇಜು ಬಿಡಿಸುವುದಿಲ್ಲ. ಸದ್ಯ ಅವಳ ಜೊತೆ ನಾನೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಶಾಲೆಗೆ ರಜೆ ಹಾಕಿದ್ದೇನೆ. ಆ ಝೆರಾಕ್ಸ್ ಅಂಗಡಿಯ ಮೇಲೆ ನಿಮ್ಮಪ್ಪ ದೂರು ಕೊಡುತ್ತೇನೆ ಎನ್ನುತ್ತಾನೆ. ನೀನು ಹೇಳಿಕೆ ಕೊಡುತ್ತೀಯಾ ಎಂದು ನನ್ನ ಕಡೆಯಿಂದ ಕೇಳಿಸುತ್ತಿದ್ದಾನೆ. ತಾನೇ ಬರೆಯಲು ಹೇಳಿದರೆ, "ನನಗ ಬರಿಯಾಕ ಎಲ್ಲಿ ಬರತೈತಿ" ಎಂದು ನೆಪ ಹೇಳುತ್ತಾನೆ. ಬರುವ ಭೇಟಿಯ ದಿನ ಬರುತ್ತಾನೆ. ಹೊಸ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದಾನೆ, ನಿನಗಲ್ಲ, ತನಗೆ.

ಈಗ ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ಏನಾಗಿದೆ? ಹೇಗಿದ್ದೀಯ? ಉತ್ತರ ನನಗೆ ಗೊತ್ತಿಲ್ಲ. ನನ್ನನ್ನು ಸಮಾಧಾನ ಮಾಡಲು ಬರೆಯಬೇಡ.

ದೊಡ್ಡವ್ವ


8 ಫೆಬ್ರವರಿ 2025

ದೊಡ್ಡವ್ವಾ,

‘ಇದ್ದಾಳೆ’ ಎಂಬಲ್ಲಿಗೆ ಬಂದಾಗ ಪತ್ರ ಬೀರೇಶನ ಕೈಗೆ ಕೊಟ್ಟು ಹೊರಗೆ ಹೋದೆ. ಉಳಿದದ್ದನ್ನು ಸಂಜೆ ಓದಿದೆ.

ಹೇಳಿಕೆ ಕೊಡುತ್ತೇನೆಂದು ಅಪ್ಪನಿಗೆ ಹೇಳು. ಹೆಸರು, ಹೊತ್ತು, ಯಾವ ಡಬ್ಬಿಯ ಹಿಂದೆ ಇಡುತ್ತಾರೆ, ಎಲ್ಲ ಹೇಳುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ಚೆನ್ನಾಗಿಲ್ಲ. ಮೈಯ ಕಷ್ಟ ಮುಗಿದಿದೆ, ತಲೆಯದು ಮುಗಿದಿಲ್ಲ. ಐಶ್ವರ್ಯ ಸತ್ತೇ ಹೋದಳೆಂದುಕೊಂಡಿದ್ದ ಆ ದಿನಗಳಲ್ಲಿ ಅವಳಿಗಾಗಿ ಅಳುತ್ತಲೇ ಒಂದು ಗುಳಿಗೆ ಸಿಕ್ಕಿದ್ದರೆ ಎಂದುಕೊಂಡೆ. ಅವಳನ್ನು ಕೊಲ್ಲಹೊರಟದ್ದೇ ನನಗೆ ಬೇಕಾಗಿತ್ತು. ಇದನ್ನು ಮೇಡಂಗೆ ಹೇಳಿದ್ದೇನೆ, ಈಗ ನಿನಗೆ ಹೇಳುತ್ತಿದ್ದೇನೆ. ಈ ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುತ್ತದೆ. ನಾನು ಬರುವುದಿಲ್ಲ. ಇನ್ನೂ ಎರಡು ತಿಂಗಳು ಇರುತ್ತೇನೆಂದು ಕೇಳಿಕೊಂಡಿದ್ದೇನೆ. ಆ ಬಸ್ಸು, ಆ ಕಾಲೇಜು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಹೊರಗೆ ಬಂದ ಮೇಲೆ ಸೋಲುವುದಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಮಾಡಿಸಲೂ ಬೇಡ.

ಐಶ್ವರ್ಯಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅವಳಿಗೆ ಬರೆಯಬೇಕೆನ್ನಿಸಿದರೆ ಬರೆಯಲಿ. ಆರಾಮಾಗಿದ್ದೇನೆಂದೇ ಬರೆಯಬೇಕೆಂದಿಲ್ಲ.

ಇವತ್ತು ಬೆಳಿಗ್ಗೆಯೂ ಬೇಕೆನ್ನಿಸಿತು. ಕಾಗದ ತೆಗೆದುಕೊಂಡು ಕುಳಿತೆ. ಇದನ್ನು ಓದಿ ನಿನಗೆ ಹೆದರಿಕೆಯಾಗುತ್ತದೆಂದು ಗೊತ್ತು. ಹೆದರು, ಆದರೆ ಬರೆಯುವುದನ್ನು ನಿಲ್ಲಿಸಬೇಡ.

ನಿನ್ನ ಮಗ,
ಹೇಮಂತ